ತೇಲದ ಮೊಟ್ಟೆ, ಒಣಗದ ಸ್ಲೈಡು

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಪಶುಸಂಗೋಪನೆ ಡಿಪ್ಲೊಮಾ ಓದುವ ಮಕ್ಕಳದ್ದು. ಪ್ರಾಕ್ಟಿಕಲ್ ಶುರುವಾಗಿದೆ, ಜೊತೆಗೆ ಮಳೆಯೂ ಹಿಡಿದಿದೆ. ನಾನು ಶಿರಸಿಯಲ್ಲಿ 29 ವರ್ಷ ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ಸಗಣಿ, ರಕ್ತ, ಹಾಲು ಪರೀಕ್ಷೆ ಮಾಡಿದವಳು. ಪುಸ್ತಕದಲ್ಲಿ ಇರುವುದನ್ನು ನಿಮ್ಮ ಮಾಸ್ತರರು ಹೇಳುತ್ತಾರೆ. ಮೇಜಿನ ಮುಂದೆ ಕೂತಾಗ ಏನಾಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ.

ಅಕ್ಕೋರೇ, ನಮ್ಮ ಮನೆಯ ಮಲೆನಾಡು ಗಿಡ್ಡ ಹಸುವಿಗೆ ಗದ್ದದ ಕೆಳಗೆ ಬಾವು ಬಂದಿದೆ, ಸಗಣಿ ನೀರಾಗಿದೆ. ಕಾಲೇಜಿನಲ್ಲಿ ಕಲಿತ ಹಾಗೆ ಉಪ್ಪಿನ ದ್ರಾವಣದಲ್ಲಿ ತೇಲಿಸಿ ಮೂರು ಸಲ ನೋಡಿದೆ. ಒಂದು ಮೊಟ್ಟೆಯೂ ಇಲ್ಲ. ಹಾಗಾದರೆ ಹುಳದ ತೊಂದರೆ ಅಲ್ಲ ಅಂತಲೇ?
– ಎರಡನೇ ವರ್ಷದ ವಿದ್ಯಾರ್ಥಿನಿ, ಕುಮಟಾ

ತಂಗಿ, ನಿನ್ನ ಪತ್ರ ಓದಿ ನನಗೆ ನನ್ನದೇ ಎರಡನೇ ವರ್ಷದ ನೌಕರಿ ನೆನಪಾಯಿತು. ಸಿದ್ದಾಪುರದ ಕಡೆಯಿಂದ ಒಬ್ಬರು ಇಂಥದ್ದೇ ಹಸುವಿನ ಸಗಣಿ ತಂದಿದ್ದರು. ನಾನು ತೇಲಿಸಿ ನೋಡಿದೆ, ಏನೂ ಕಾಣಲಿಲ್ಲ. ಚೀಟಿಯಲ್ಲಿ ‘ಜಂತು ಇಲ್ಲ’ ಅಂತ ಬರೆದುಕೊಟ್ಟೆ. ಹದಿನೈದು ದಿನಕ್ಕೆ ಹಸು ಸತ್ತಿತು. ಡಾಕ್ಟರು ಮರಣೋತ್ತರ ಪರೀಕ್ಷೆ ಮಾಡುವಾಗ ನನ್ನನ್ನೂ ಕರೆದುಕೊಂಡು ಹೋದರು. ಪಿತ್ತಕೋಶದ ನಾಳ ಸೀಳಿದರೆ ಒಳಗಿಂದ ಎಲೆಯಂಥ ಚಪ್ಪಟೆ ಹುಳ ಒಂದರ ಹಿಂದೆ ಒಂದು ಜಾರಿ ಬಂದವು. ಕೆಲವು ನನ್ನ ಹೆಬ್ಬೆರಳಿಗಿಂತ ಉದ್ದ ಇದ್ದವು. ಆ ಹಸುವಿನ ಮನೆಯವರು ಅಂಗಳದ ತುದಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಬರೆದ ಚೀಟಿ ಅವರ ಜೇಬಿನಲ್ಲೇ ಇತ್ತು.

ತಪ್ಪು ಎಲ್ಲಿ ಆಯಿತು? ತೇಲಿಸುವ ವಿಧಾನಕ್ಕೆ ಅದರದ್ದೇ ಮಿತಿ ಇದೆ. ಸ್ಯಾಚುರೇಟೆಡ್ ಉಪ್ಪಿನ ದ್ರಾವಣದ ಸಾಂದ್ರತೆ ಸುಮಾರು 1.20. ದುಂಡುಹುಳದ ಮೊಟ್ಟೆ, ಕಾಕ್ಸಿಡಿಯಾ ಅನ್ನುವ ಕರುಳಿನ ಏಕಕೋಶ ಪರಾವಲಂಬಿ, ಲಾಡಿಹುಳದ ಮೊಟ್ಟೆ ಇದಕ್ಕಿಂತ ಹಗುರ, ಅದಕ್ಕೇ ಮೇಲೆ ಬರುತ್ತವೆ. ಚಪ್ಪಟೆ ಹುಳದ, ಅಂದರೆ ಫ್ಲೂಕಿನ ಮೊಟ್ಟೆ ಭಾರ. ಅದು ತಳಕ್ಕೆ ಹೋಗುತ್ತದೆ. ಅಷ್ಟು ಗಟ್ಟಿ ಉಪ್ಪುನೀರಲ್ಲಿ ಅದು ಕುಗ್ಗಿ ಮುರುಟಿಯೂ ಹೋಗುತ್ತದೆ. ನೀನು ಮೂರು ಸಲ ಅಲ್ಲ, ಮೂವತ್ತು ಸಲ ತೇಲಿಸಿದರೂ ಕವರ್‌ಸ್ಲಿಪ್ಪಿಗೆ ಅದು ಅಂಟಲಿಕ್ಕಿಲ್ಲ.

ಫ್ಲೂಕಿಗೆ ತಳ ಇಳಿಸಿ ನೋಡಬೇಕು. ಅದಕ್ಕೆ ಸೆಂಟ್ರಿಫ್ಯೂಜೂ ಬೇಡ. ಐದು ಗ್ರಾಂ ಸಗಣಿ ತಗೋ, ಒಂದು ಲೋಟ ನೀರಲ್ಲಿ ಚೆನ್ನಾಗಿ ಕದಡು, ಚಹಾ ಸೋಸುವ ಜಾಲರಿಯಲ್ಲಿ ಸೋಸು. ಉದ್ದ ಗಾಜಿನ ಲೋಟದಲ್ಲಿ ಐದರಿಂದ ಹತ್ತು ನಿಮಿಷ ಹಾಗೇ ಬಿಡು. ಮೇಲಿನ ನೀರನ್ನು ನಿಧಾನ ಬಗ್ಗಿಸಿ ಚೆಲ್ಲು, ತಳ ಕದಡಬಾರದು. ಮತ್ತೆ ನೀರು ತುಂಬು, ಮತ್ತೆ ಬಿಡು. ಮೇಲಿನ ನೀರು ತಿಳಿಯಾಗುವ ತನಕ ಹೀಗೇ ಮಾಡು. ಅಕ್ಕಿ ತೊಳೆದು ಕಲಗಚ್ಚು ಬಗ್ಗಿಸುವ ಕೈಗೆ ಇದು ಬೇಗ ಹಿಡಿಯುತ್ತದೆ. ಕಡೆಗೆ ಉಳಿದ ಗಸಿಗೆ ಒಂದು ಹನಿ ಮೆಥಿಲಿನ್ ಬ್ಲೂ ಹಾಕಿ ಸಣ್ಣ ಪವರಿನಲ್ಲಿ ನೋಡು. ಹುಲ್ಲಿನ ಚೂರು ಪಾರು ಎಲ್ಲ ನೀಲಿ ಆಗಿರುತ್ತದೆ. ಅದರ ನಡುವೆ ಜೇನುತುಪ್ಪದ ಬಣ್ಣದ್ದು, ಒಂದು ತುದಿಯಲ್ಲಿ ಸಣ್ಣ ಮುಚ್ಚಳ ಇರುವ ಮೊಟ್ಟೆ ಕಂಡರೆ ಅದು ಫ್ಯಾಸಿಯೋಲಾ, ಅಂದರೆ ಪಿತ್ತಜನಕಾಂಗದ ಫ್ಲೂಕು. ಅಷ್ಟೇ ದೊಡ್ಡದು ಆದರೆ ಬಣ್ಣ ಇಲ್ಲದ್ದು, ಗಾಜಿನ ಹಾಗೆ ತಿಳಿ ಇರುವುದು ಆಂಫಿಸ್ಟೋಮ್, ಅಂದರೆ ಹೊಟ್ಟೆಯ ಫ್ಲೂಕು. ಮೊದಲ ಸಲ ಎರಡನ್ನೂ ಒಟ್ಟಿಗೆ ನೋಡಿದರೆ ಆಮೇಲೆ ಮರೆಯುವುದಿಲ್ಲ.

ಇಷ್ಟು ಮಾಡಿದರೂ ಮೊಟ್ಟೆ ಸಿಗದೇ ಇರಬಹುದು. ಇದನ್ನು ಗಟ್ಟಿಯಾಗಿ ನೆನಪಿಡು. ಫ್ಯಾಸಿಯೋಲಾ ಹುಳ ಹೊಟ್ಟೆ ಸೇರಿ ಮೊಟ್ಟೆ ಇಡುವುದಕ್ಕೆ ಮೂರು ತಿಂಗಳ ಸುತ್ತ ಬೇಕು. ಅಷ್ಟರೊಳಗೇ ಮರಿ ಹುಳ ಪಿತ್ತಜನಕಾಂಗವನ್ನು ಕೊರೆದಿರುತ್ತದೆ. ಆಂಫಿಸ್ಟೋಮಿನಲ್ಲಂತೂ ಜೋರು ಭೇದಿ ಮಾಡಿಸುವುದೇ ಮರಿಗಳು, ಮೊಟ್ಟೆಯ ಸುಳಿವೇ ಇರುವುದಿಲ್ಲ. ನಿನ್ನ ಹಸುವಿನ ಸಗಣಿ ನೀರಾಗಿದೆ ಅಂದೆಯಲ್ಲ, ಆ ನೀರುಸಗಣಿಯನ್ನೇ ಒಂದು ಬಿಳಿ ತಟ್ಟೆಗೆ ಹಾಕಿ ತೊಳೆದು ಬರಿಗಣ್ಣಲ್ಲಿ ನೋಡು. ಅಕ್ಕಿ ನುಚ್ಚಿನಷ್ಟು ದೊಡ್ಡ, ತಿಳಿ ಗುಲಾಬಿ ಬಣ್ಣದ ಹುಳ ಕಾಣಬಹುದು. ಕಂಡರೆ ಅವನ್ನೇ ಬಾಟಲಿಗೆ ಹಾಕಿ ಡಾಕ್ಟರಿಗೆ ತೋರಿಸು. ಔಷಧಿ ಯಾವುದು, ಎಷ್ಟು ಅನ್ನುವುದು ಅವರ ತೀರ್ಮಾನ. ಸಾಮಾನ್ಯ ಜಂತಿನ ಮಾತ್ರೆ ಮರಿ ಫ್ಲೂಕಿಗೆ ನಾಟುವುದಿಲ್ಲ.

ಹಸು ಮೇಯುವುದು ಎಲ್ಲಿ ಅಂತ ನೀನು ಬರೆದಿಲ್ಲ. ಫ್ಲೂಕಿನ ಮರಿ ಬೆಳೆಯುವುದು ಸಿಹಿನೀರಿನ ಬಸವನಹುಳದಲ್ಲಿ. ಗಜನಿಯ, ಅಂದರೆ ಕಡಲ ಬದಿಯ ಉಪ್ಪುಗದ್ದೆಯ, ನೀರಲ್ಲಿ ಆ ಬಸವನಹುಳ ಬದುಕುವುದಿಲ್ಲ. ಹಳ್ಳದ ಬದಿ, ನೀರು ನಿಂತ ಗದ್ದೆ, ಕೆರೆಯ ಅಂಚು ಇವೇ ಅದರ ಜಾಗ. ನಿಮ್ಮ ಹಸು ಇಂಥ ಕಡೆ ಹುಲ್ಲು ತಿನ್ನುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳು.

ಆ ಸಿದ್ದಾಪುರದ ಹಸು ಸತ್ತ ಮೇಲೆ ನಾನು ಚೀಟಿಯಲ್ಲಿ ‘ಇಲ್ಲ’ ಅಂತ ಬರೆಯುವುದನ್ನೇ ಬಿಟ್ಟೆ. ‘ತೇಲಿಸಿ ನೋಡಿದೆ, ಮೊಟ್ಟೆ ಕಂಡಿಲ್ಲ’ ಅಂತ ಬರೆಯುತ್ತಿದ್ದೆ. ಯಾವ ವಿಧಾನದಲ್ಲಿ ನೋಡಿದ್ದು ಅಂತ ಗೊತ್ತಾದರೆ ಡಾಕ್ಟರಿಗೆ ಯಾವುದನ್ನು ನೋಡಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ಅಂಕೋಲಾದ ಒಳಗಿನ ಹಳ್ಳಿಯಿಂದ ಸಗಣಿ ಮಾದರಿ ಲ್ಯಾಬಿಗೆ ಮುಟ್ಟುವಾಗ ಅರ್ಧ ದಿನ ಆಗುತ್ತದೆ. ಹಾಳಾಗದ ಹಾಗೆ ತರುವುದು ಹೇಗೆ? ಒಮ್ಮೆ ನಾನು ತಂದದ್ದರಲ್ಲಿ ಮರಿಹುಳ ಓಡಾಡುತ್ತಿದ್ದವು. ಶ್ವಾಸಕೋಶದ ಹುಳ ಅಂತ ಬರೆದೆ, ಸರ್ ಬೈದರು.
– ತರಬೇತಿಯಲ್ಲಿರುವ ಸಹಾಯಕ, ಅಂಕೋಲಾ

ತಮ್ಮಾ, ಆ ಸಗಣಿಯನ್ನು ನೀನು ನೆಲದಿಂದ ಎತ್ತಿದ್ದೆ, ಅಲ್ವಾ? ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು, ದರಕು ಅಂದರೆ ಒಣಗಿದ ಎಲೆ ಹಾಸುತ್ತೇವೆ. ಆ ಕೊಳೆತ ಸೊಪ್ಪಿನಲ್ಲಿ ಮಣ್ಣಿನ ಹುಳ ಬೇಕಾದಷ್ಟು ಇರುತ್ತವೆ. ಅವು ದನದ ಹೊಟ್ಟೆಯವಲ್ಲ. ಸಗಣಿ ಬಿದ್ದ ಸ್ವಲ್ಪ ಹೊತ್ತಿಗೇ ಅದಕ್ಕೆ ಹತ್ತುತ್ತವೆ. ಇನ್ನೊಂದು ದಾರಿಯೂ ಇದೆ. ನಮ್ಮ ಕರಾವಳಿಯ ಸೆಕೆಗೆ ದುಂಡುಹುಳದ ಮೊಟ್ಟೆ ಒಂದು ದಿನದೊಳಗೇ ಒಡೆದು ಮರಿ ಹೊರಗೆ ಬರಬಹುದು. ಈ ಎರಡೂ ಮೈಕ್ರೋಸ್ಕೋಪಿನಲ್ಲಿ ಶ್ವಾಸಕೋಶದ ಹುಳದ ಮರಿಯ ಹಾಗೇ ಕಾಣುತ್ತವೆ. ಸರ್ ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಸಬರಲ್ಲಿ ಜಾಸ್ತಿ ಜನ ಇಲ್ಲೇ ಎಡವುತ್ತಾರೆ.

ಕೈಗವಸು ಹಾಕಿ ನೇರ ಗುದದ್ವಾರದಿಂದಲೇ ತೆಗೆ. ಆಗುವುದೇ ಇಲ್ಲ ಅಂದರೆ ದನ ಹಾಕುತ್ತಿರುವಾಗ ನಿಂತು, ನೆಲಕ್ಕೆ ತಾಗದ ಮೇಲಿನ ಭಾಗ ತೆಗೆ. ಸಣ್ಣ ಡಬ್ಬಿ ತಗೋ, ಬಾಯಿತನಕ ತುಂಬು. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಮೊಟ್ಟೆ ಬೆಳೆಯುವುದು ನಿಧಾನ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು ಅದರಲ್ಲಿ ತಾ. ಫ್ರಿಜ್ಜಿನ ಕೆಳಗಿನ ಖಾನೆ ಆಗುತ್ತದೆ, ಫ್ರೀಜರ್ ಖಂಡಿತ ಬೇಡ. ಮಂಜುಗಟ್ಟಿದರೆ ಮೊಟ್ಟೆಯ ಆಕಾರ ಕೆಡುತ್ತದೆ. ಎರಡು ಮೂರು ದಿನ ತಡ ಆಗುವುದೇ ಆದರೆ ಶೇ. 10ರ ಫಾರ್ಮಲಿನ್ ಹಾಕಬಹುದು. ಆದರೆ ಫಾರ್ಮಲಿನ್ ಹಾಕಿದ್ದರಲ್ಲಿ ಆಮೇಲೆ ಮರಿ ಬೆಳೆಸಿ ನೋಡುವುದಕ್ಕೆ ಆಗುವುದಿಲ್ಲ.

ಡಬ್ಬಿಯ ಮಾತು ಬಂತಲ್ಲ. ಹುಲೇಕಲ್ ಕಡೆಯ ಒಬ್ಬ ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯಲ್ಲಿ ಕರುವಿನ ಸಗಣಿ ತಂದಿದ್ದರು. ತೊಳೆದದ್ದು ಸರಿ ಆಗಿರಲಿಲ್ಲ. ತಳದಲ್ಲಿ ಉಪ್ಪು ಖಾರ ಹಾಗೇ ಇತ್ತು. ಮೊಟ್ಟೆ ಎಲ್ಲ ಮುದುಡಿ ಯಾವುದು ಏನು ಅಂತಲೇ ಗೊತ್ತಾಗಲಿಲ್ಲ. ಪಾಪ, ಮತ್ತೆ ಬಸ್ಸು ಹಿಡಿದು ಹೋಗಿ ಬೇರೆ ತಂದರು. ನೀನೇ ನಾಲ್ಕು ಸ್ವಚ್ಛ ಡಬ್ಬಿ ಜೊತೆಗೆ ಇಟ್ಟುಕೊಂಡು ತಿರುಗು.

ಚೀಟಿಯನ್ನು ಪೆನ್ಸಿಲಿನಲ್ಲಿ ಬರೆ, ಪೆನ್ನಿನ ಶಾಯಿ ಒದ್ದೆಗೆ ಹರಡಿ ಹೋಗುತ್ತದೆ. ಮುಚ್ಚಳಕ್ಕೆ ಅಂಟಿಸಬೇಡ, ಡಬ್ಬಿಯ ಮೈಗೆ ಅಂಟಿಸು. ಹತ್ತು ಡಬ್ಬಿಯ ಮುಚ್ಚಳ ಒಟ್ಟಿಗೆ ತೆಗೆದ ಮೇಲೆ ಯಾವುದರದ್ದು ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ದನದ ವಯಸ್ಸು, ತೆಗೆದ ದಿನ, ಹೊತ್ತು, ಏನು ತೊಂದರೆ, ಹಿಂದಿನ ಸಲ ಜಂತಿನ ಔಷಧಿ ಯಾವಾಗ ಕೊಟ್ಟದ್ದು, ಇಷ್ಟು ಇರಲೇಬೇಕು. ಎಮ್ಮೆಕರು ಆದರೆ ವಯಸ್ಸನ್ನು ದಿನದ ಲೆಕ್ಕದಲ್ಲೇ ಬರೆ. ಕರುವಿಗೆ ದುಂಡುಹುಳ ತಾಯಿಯ ಹಾಲಿನಲ್ಲೇ ಬರುತ್ತದೆ, ಮೂರನೇ ವಾರದ ಹೊತ್ತಿಗೆ ಸಗಣಿಯಲ್ಲಿ ಮೊಟ್ಟೆ ಕಾಣಲು ಶುರು. ಹತ್ತು ದಿನದ ಕರುವಿನಲ್ಲಿ ಕಾಣದಿದ್ದರೆ ಅದಕ್ಕೆ ಏನೂ ಅರ್ಥ ಇಲ್ಲ.

ಮ್ಯಾಕ್‌ಮಾಸ್ಟರ್ ಸ್ಲೈಡಿನಲ್ಲಿ ಒಂದು ಗ್ರಾಂ ಸಗಣಿಗೆ ಎಷ್ಟು ಮೊಟ್ಟೆ ಅಂತ ಎಣಿಸುವಾಗ ಕಡೆಗೆ 50ರಿಂದ ಗುಣಿಸಿ ಅನ್ನುತ್ತಾರೆ. ಯಾಕೆ?
– ವಿದ್ಯಾರ್ಥಿ, ಯಲ್ಲಾಪುರ

4 ಗ್ರಾಂ ಸಗಣಿಗೆ 56 ಮಿ.ಲೀ. ದ್ರಾವಣ, ಒಟ್ಟು 60 ಮಿ.ಲೀ. ಸ್ಲೈಡಿನ ಎರಡು ಕೋಣೆಯಲ್ಲಿ 0.15ರಂತೆ 0.3 ಮಿ.ಲೀ. ಎಣಿಸಿದೆ. ಅದರಲ್ಲಿ ಇರುವ ಸಗಣಿ ಒಂದು ಗ್ರಾಮಿನ ಐವತ್ತರಲ್ಲಿ ಒಂದು ಪಾಲು. ಅದಕ್ಕೇ 50. ಒಂದೇ ಕೋಣೆ ಎಣಿಸಿದರೆ 100. ಸಗಣಿಯ ತೂಕ ಬದಲಿಸಿದರೆ ಲೆಕ್ಕವೂ ಬದಲು, ಸುಮ್ನೆ ಬಾಯಿಪಾಠ ಮಾಡಬೇಡ.

ಅಕ್ಕೋರೇ, ಮಳೆಗಾಲದಲ್ಲಿ ನಾನು ಮಾಡಿದ ರಕ್ತದ ಸ್ಲೈಡಿನಲ್ಲಿ ಎಲ್ಲ ಕೆಂಪು ಕಣದ ಮೇಲೂ ಚುಕ್ಕೆ ಕಾಣುತ್ತದೆ. ಎಲ್ಲ ದನಕ್ಕೂ ರಕ್ತಕಣದೊಳಗಿನ ಪರಾವಲಂಬಿ ಥೈಲೇರಿಯಾ ಇರಲು ಸಾಧ್ಯವೇ?
– ಅಂತಿಮ ವರ್ಷದ ವಿದ್ಯಾರ್ಥಿನಿ, ಕಾರವಾರ

ಇಲ್ಲ ತಂಗಿ. ಎಲ್ಲ ದನದಲ್ಲೂ ಕಂಡರೆ ಮೊದಲು ಸಂಶಯ ಪಡಬೇಕಾದ್ದು ನಮ್ಮ ಕೈಯನ್ನೇ.

ಆಷಾಢದಲ್ಲಿ ಕಾರವಾರದ ಗಾಳಿ ಹೇಗಿರುತ್ತದೆ ಅಂತ ನಿನಗೇ ಗೊತ್ತು. ಹೊರಗೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಸ್ಲೈಡಿನ ಮೇಲೆ ತೆಳುವಾಗಿ ಎಳೆದ ರಕ್ತ, ಅಂದರೆ ಸ್ಮಿಯರೂ ಹಾಗೇ. ನಿಧಾನ ಒಣಗಿದರೆ ಕಣದ ಮೇಲೆ ಹೊಳೆಯುವ ಗುಳಿ ಬೀಳುತ್ತವೆ. ಸ್ಮಿಯರ್ ಎಳೆದ ಕೂಡಲೇ ಬೀಸಿ ಒಣಗಿಸಬೇಕು. ನಾವು ಟೇಬಲ್ ಲ್ಯಾಂಪಿನ ಬಲ್ಬಿನ ಹತ್ತಿರ ಹಿಡಿಯುತ್ತಿದ್ದೆವು. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಇನ್ನೂ ಒಳ್ಳೆಯದು, ತಣ್ಣನೆ ಗಾಳಿಯಲ್ಲಿ ಇಟ್ಟುಕೋ. ಎರಡನೇ ಕಳ್ಳ ಮೆಥನಾಲ್ ಬಾಟಲಿ. ಮುಚ್ಚಳ ಸಡಿಲ ಇದ್ದರೆ ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನೀರು ಸೇರಿದ ಮೆಥನಾಲಿನಲ್ಲಿ ಸ್ಲೈಡು ಅದ್ದಿದರೂ ಇದೇ ಗುಳಿ. ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಸ್ವಲ್ಪ ಸ್ವಲ್ಪ ಹಾಕಿಕೊಂಡು ಬಳಸು. ಎರಡು ಮೂರು ನಿಮಿಷ ಅದ್ದಿದರೆ ಸಾಕು. ಮೂರನೆಯದು ಜಿಮ್ಸಾ ಬಣ್ಣದ ಗಸಿ. ಬಣ್ಣವನ್ನು ಸೋಸಿ ಬಳಸು. ಒಂದು ಪಾಲು ಬಣ್ಣಕ್ಕೆ ಒಂಬತ್ತು ಪಾಲು ಬಫರ್, ಪಿಎಚ್ 7.2, ಅರ್ಧ ಗಂಟೆ. ತೊಳೆಯುವಾಗ ಬಣ್ಣವನ್ನು ಬಗ್ಗಿಸಿ ಚೆಲ್ಲಬೇಡ. ಸ್ಲೈಡಿನ ಮೇಲೆ ನೀರು ಬಿಟ್ಟು ಬಣ್ಣ ತೇಲಿ ಹೋಗುವ ಹಾಗೆ ತೊಳೆ. ಇಲ್ಲದಿದ್ದರೆ ಮೇಲೆ ಕಟ್ಟಿದ ಕೆನೆ ಎಲ್ಲ ರಕ್ತದ ಮೇಲೇ ಕೂರುತ್ತದೆ.

ಇನ್ನು ನಿಜವಾದದ್ದನ್ನು ಗುರುತಿಸುವುದು. ಎಣ್ಣೆ ಲೆನ್ಸಿನಲ್ಲಿ ಒಂದು ಚುಕ್ಕೆಯ ಮೇಲೆ ನಿಲ್ಲಿಸಿ ಫೈನ್ ಸ್ಕ್ರೂ ತುಸು ಆಚೆ ಈಚೆ ತಿರುಗಿಸು. ಗುಳಿ ಆದರೆ ಒಮ್ಮೆ ಮಿಂಚುತ್ತದೆ, ಒಮ್ಮೆ ಕಪ್ಪಾಗುತ್ತದೆ. ಬಣ್ಣದ ಗಸಿ ಆದರೆ ಕಣ ಸ್ಪಷ್ಟ ಇದ್ದಾಗ ಅದು ಮಸುಕು, ಅದು ಸ್ಪಷ್ಟ ಆದಾಗ ಕಣ ಮಸುಕು. ಕಣದ ಒಳಗೇ ಇರುವ ಪರಾವಲಂಬಿ ಕಣದ ಜೊತೆಗೇ ಸ್ಪಷ್ಟ ಆಗುತ್ತದೆ. ಥೈಲೇರಿಯಾಕ್ಕೆ ತೆಳು ನೀಲಿ ಮೈ, ಒಂದು ಬದಿಗೆ ಕೆಂಪು ನೇರಳೆ ಚುಕ್ಕೆ ಇರುತ್ತದೆ. ಉಂಗುರದ ಹಾಗೋ ಅಲ್ಪವಿರಾಮದ ಹಾಗೋ ಕಾಣುತ್ತದೆ. ಬರೀ ದಟ್ಟ ಚುಕ್ಕೆ, ನೀಲಿ ಮೈ ಇಲ್ಲ, ಕಣದ ಅಂಚಿನಲ್ಲೇ ಇದೆ ಅಂದರೆ ಅನಾಪ್ಲಾಸ್ಮಾ ಅನ್ನುವ ಇನ್ನೊಂದು ರೋಗಾಣು ಇರಬಹುದು. ಬೇವಿನ ಬೀಜದ ಹಾಗೆ ಎರಡು ಜೋಡಿಯಾಗಿ, ಚೂಪು ತುದಿ ಕೂಡಿಕೊಂಡು ಇದ್ದರೆ ಬಬೇಸಿಯಾ. ಆ ದನದ ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆಯೋ ಕೇಳು. ಥೈಲೇರಿಯಾ ಅಂತ ಗಟ್ಟಿ ಅನುಮಾನ ಇದ್ದು ರಕ್ತದಲ್ಲಿ ಸಿಗದಿದ್ದರೆ, ಊದಿದ ದುಗ್ಧಗ್ರಂಥಿಯಿಂದ ಡಾಕ್ಟರು ಸೂಜಿಯಲ್ಲಿ ತೆಗೆದುಕೊಟ್ಟದ್ದರ ಸ್ಮಿಯರ್ ಮಾಡು. ಬಿಳಿ ಕಣದೊಳಗೆ ಕಾಕ್ಸ್ ಬ್ಲೂ ಬಾಡಿ, ಅಂದರೆ ಥೈಲೇರಿಯಾದ್ದೇ ಇನ್ನೊಂದು ರೂಪ, ಕಾಣುತ್ತದೆ.

ಕಿವಿ ಚುಚ್ಚುವ ಮೊದಲು ಸ್ಪಿರಿಟ್ ಹಚ್ಚುತ್ತೀಯಲ್ಲ, ಅದು ಪೂರ್ತಿ ಒಣಗಲಿ. ಒದ್ದೆ ಇದ್ದರೆ ಕೆಂಪು ಕಣ ಒಡೆಯುತ್ತದೆ. ಮತ್ತೆ, ಒಣಗಿಸಿದ ಸ್ಲೈಡನ್ನು ಮೆಥನಾಲಿಗೆ ಅದ್ದದೆ ರಾತ್ರಿಯಿಡೀ ಮೇಜಿನ ಮೇಲೆ ಬಿಡಬೇಡ. ಬೆಳಿಗ್ಗೆ ನೋಡಿದರೆ ಜಿರಳೆಯೋ ಇರುವೆಯೋ ರಕ್ತ ಮೆಂದು ಗಾಜು ಮಾತ್ರ ಉಳಿದಿರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಇದು ಎಷ್ಟು ಸಲ ಆಗಿದೆಯೋ.

ಲೆನ್ಸನ್ನೂ ನೋಡಿಕೋ. ಬೂಸ್ಟು ಹಿಡಿದ ಲೆನ್ಸು ಮತ್ತೆ ಸರಿಯಾಗುವುದು ಕಷ್ಟ. ಕೆಲಸ ಮುಗಿದ ಮೇಲೆ ಎಣ್ಣೆ ಒರೆಸಿ, ಮೈಕ್ರೋಸ್ಕೋಪನ್ನು ಮರದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಬಿಸಿ ಮಾಡಿದರೆ ಆಯಿತು, ಮತ್ತೆ ನೀಲಿ ಆಗುತ್ತದೆ. ಆ ಬಾಣಲೆ ಅಡುಗೆಯದ್ದು ಆಗಿರಬಾರದು.

ಪ್ರಾಜೆಕ್ಟಿಗೆ ದನದ ಮೈಯಿಂದ ಉಣುಗು ತೆಗೆಯಬೇಕು. ಮಂಗನ ಕಾಯಿಲೆ ಬರುತ್ತದೆ ಅಂತ ಆಯಿ ಬಿಡುತ್ತಿಲ್ಲ. ಏನು ಹೇಳಲಿ?
– ವಿದ್ಯಾರ್ಥಿ, ಸಿದ್ದಾಪುರ

ಆಯಿ ಹೆದರುವುದರಲ್ಲಿ ತಪ್ಪಿಲ್ಲ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ನಿಮ್ಮ ತಾಲೂಕಿನ ಮನೆಗಳು ಅದರ ನೋವನ್ನು ಕಂಡಿವೆ. ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ, ಆದರೆ ತಿಳಿದು ಮಾಡು.

ಆ ವೈರಸ್ಸನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಕಾಡಿನ ಉಣುಗು. ಮನುಷ್ಯರಿಗೆ ಕಚ್ಚುವುದು ಅದರ ಮರಿ, ಎಳ್ಳಿನಷ್ಟು ಸಣ್ಣದು. ಡಿಸೆಂಬರಿನಿಂದ ಮೇ ತನಕ ದರಕಿನಲ್ಲಿ ಅದರ ಓಡಾಟ ಜಾಸ್ತಿ. ದೊಡ್ಡ ಉಣುಗು ದನದ ಮೇಲೆ ಇರುತ್ತದೆ, ಅದರಿಂದ ಉಣುಗಿನ ಸಂತಾನ ಬೆಳೆಯುತ್ತದೆ. ದನದಿಂದ ನೇರ ನಮಗೆ ಕಾಯಿಲೆ ಹತ್ತುವುದಿಲ್ಲ. ಆದ್ದರಿಂದ ಪ್ರಾಜೆಕ್ಟಿಗೆ ಮನೆಯ ಕೊಟ್ಟಿಗೆಯ ದನದ್ದೇ ತೆಗೆ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಹುಡುಕಬೇಡ. ಉದ್ದ ತೋಳಿನ ಅಂಗಿ, ಕೈಗವಸು ಇರಲಿ. ಚಿಮಟದಲ್ಲಿ ಉಣುಗಿನ ಬಾಯಿಯ ಬುಡವನ್ನೇ ಹಿಡಿದು ನೇರ ಎಳೆ. ಬೆರಳಲ್ಲಿ ಹಿಸುಕಬೇಡ, ಉಗುರಲ್ಲಿ ಕುಕ್ಕಬೇಡ. ಶೇ. 70ರ ಆಲ್ಕೋಹಾಲಿಗೆ ಹಾಕು, ದನದ ಯಾವ ಜಾಗದ್ದು ಅಂತ ಚೀಟಿ ಬರೆ. ಮನೆಗೆ ಬಂದು ಬಿಸಿನೀರಲ್ಲಿ ಮಿಂದು, ಬಟ್ಟೆ ಬಿಸಿನೀರಿಗೆ ಹಾಕು. ಕಾಡಿನ ಅಂಚಿನಲ್ಲಿ ಸತ್ತ ಮಂಗ, ಮುಸಿಯ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸು. ಜ್ವರ ಬಂದರೆ ಉಣುಗಿನ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಮೊದಲೇ ಹೇಳು. ಇಷ್ಟನ್ನೂ ಆಯಿಗೆ ಓದಿ ತೋರಿಸು, ಆಮೇಲೂ ಬೇಡ ಅಂದರೆ ಪ್ರಾಜೆಕ್ಟಿಗೆ ಬೇರೆ ವಿಷಯ ತಗೋ.

ಚೆನ್ನಾಗಿದ್ದ ಎಮ್ಮೆ ರಾತ್ರಿ ಸತ್ತು ಬಿದ್ದಿತ್ತು, ಮೂಗಿನಲ್ಲಿ ಕಪ್ಪು ರಕ್ತ. ಕಲಿಯಲು ಒಳ್ಳೆ ಅವಕಾಶ ಅಂತ ಕೊಯ್ದು ನೋಡೋಣ ಅಂದರು ಗೆಳೆಯರು. ನಾನು ಬೇಡ ಅಂದೆ. ಸರಿ ಮಾಡಿದೆನೇ?
– ವಿದ್ಯಾರ್ಥಿ, ಹಳಿಯಾಳ

ಬಹಳ ಸರಿ ಮಾಡಿದೆ. ಹೀಗೆ ಸತ್ತ ದನ ನೆರಡಿ ರೋಗದ್ದು, ಅಂದರೆ ಆಂಥ್ರಾಕ್ಸಿನದ್ದು ಇರಬಹುದು. ಕೊಯ್ದರೆ ಗಾಳಿ ತಾಗಿ ಆ ರೋಗಾಣು ಗಟ್ಟಿ ಬೀಜದ ರೂಪಕ್ಕೆ ಹೋಗುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕೊಯ್ದವರ ಜೀವಕ್ಕೂ ಅಪಾಯ. ಡಾಕ್ಟರು ಬಂದು ಕಿವಿಯ ರಕ್ತದ ಒಂದು ಸ್ಮಿಯರ್ ಮಾತ್ರ ತೆಗೆಯುತ್ತಾರೆ. ಪಾಲಿಕ್ರೋಮ್ ಮೆಥಿಲಿನ್ ಬ್ಲೂ ಹಾಕಿದರೆ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಪೊರೆ ಕಾಣುತ್ತದೆ. ಅಷ್ಟರಲ್ಲೇ ತಿಳಿಯುತ್ತದೆ.

ನಮ್ಮ ಎತ್ತು ನಿಂತಲ್ಲೇ ಗೊರಕೆ ಹೊಡೆಯುತ್ತದೆ. ಇದನ್ನೂ ಲ್ಯಾಬಿನಲ್ಲಿ ನೋಡಬಹುದೇ?
– ವಿದ್ಯಾರ್ಥಿನಿ, ಹೊನ್ನಾವರ

ನೋಡಬಹುದು. ಮೂಗಿನ ರಕ್ತನಾಳದಲ್ಲಿ ಇರುವ ಸಿಸ್ಟೋಸೋಮಾ ನೇಸೇಲ್ ಅನ್ನುವ ಹುಳದ ಕೆಲಸ ಇರಬಹುದು. ಒಳಗೆ ಹೂಕೋಸಿನ ಹಾಗೆ ಗಡ್ಡೆ ಬೆಳೆದು ಉಸಿರು ಕಟ್ಟುತ್ತದೆ. ಮೂಗಿನ ಲೋಳೆಯನ್ನು ಹತ್ತಿಯಲ್ಲಿ ತೆಗೆದು, ನಾರ್ಮಲ್ ಸಲೈನಿನಲ್ಲಿ ಕದಡಿ ನೋಡು. ಬರೀ ನೀರು ಬೇಡ, ನೀರಲ್ಲಿ ಮೊಟ್ಟೆ ಒಡೆದು ಮರಿ ಹೊರಗೆ ಹೋಗಬಹುದು. ಕುಡಗೋಲಿನ ಹಾಗೆ ಬಾಗಿದ, ತುದಿಗೆ ಮುಳ್ಳಿರುವ ಮೊಟ್ಟೆ. ಒಂದು ಸಿಕ್ಕರೂ ಸಾಕು. ಎಮ್ಮೆಗೆ ಈ ಹುಳ ಇದ್ದರೂ ಗೊರಕೆ ಬರದೇ ಇರಬಹುದು. ಎತ್ತು, ಎಮ್ಮೆ ಒಂದೇ ಕೆರೆಗೆ ಇಳಿಯುತ್ತಿದ್ದರೆ ಎಮ್ಮೆಯ ಮೂಗಿನ ಲೋಳೆಯನ್ನೂ ತಾ.

ದ್ರಾವಣಕ್ಕೆ ಅಂಗಡಿಯ ಪುಡಿ ಉಪ್ಪೇ ಬೇಕೇ? ಸಾಣಿಕಟ್ಟೆ ಉಪ್ಪು ಮನೆಯಲ್ಲಿ ಬೇಕಾದಷ್ಟಿದೆ.
– ವಿದ್ಯಾರ್ಥಿ, ಗೋಕರ್ಣ

ಧಾರಾಳ ಆಗುತ್ತದೆ. ನಾನು ಎಷ್ಟೋ ವರ್ಷ ಅದನ್ನೇ ಬಳಸಿದ್ದೇನೆ. ಒಂದು ಲೀಟರ್ ಬಿಸಿನೀರಿಗೆ 400 ಗ್ರಾಂ ಹಾಕಿ ಕಲಕು. ಕರಗದೆ ಸ್ವಲ್ಪ ತಳದಲ್ಲಿ ಉಳಿಯಬೇಕು, ಆಗಲೇ ಪೂರ್ತಿ ಆಯಿತು ಅಂತ ಲೆಕ್ಕ. ಕಲ್ಲುಪ್ಪಿನಲ್ಲಿ ಮಣ್ಣು ಇರುತ್ತದೆ, ಆರಿದ ಮೇಲೆ ನಾಲ್ಕು ಮಡಿಕೆ ಪಂಚೆಬಟ್ಟೆಯಲ್ಲಿ ಸೋಸು. ಹೈಡ್ರೋಮೀಟರ್ ಇಲ್ಲದಿದ್ದರೆ 100 ಮಿ.ಲೀ. ಅಳೆದು ತೂಗಿ ನೋಡು. 118ರಿಂದ 120 ಗ್ರಾಂ ಬಂದರೆ ಸರಿ, ಕಡಿಮೆ ಬಂದರೆ ಇನ್ನಷ್ಟು ಉಪ್ಪು ಹಾಕು. ಕವರ್‌ಸ್ಲಿಪ್ ಇಟ್ಟು ಹತ್ತರಿಂದ ಹದಿನೈದು ನಿಮಿಷಕ್ಕೆ ಎತ್ತಿಬಿಡು. ಚಹಾ ಕುಡಿದು ಬರುತ್ತೇನೆ ಅಂತ ಹೋದರೆ ಉಪ್ಪಿನ ಹರಳು ಕಟ್ಟಿ ಮೊಟ್ಟೆ ಮುದುಡಿರುತ್ತದೆ.